ಮುಳ್ಳಯ್ಯನಗಿರಿಯಲ್ಲಿ ಗುರುದರ್ಶನ

ಚಿಕ್ಕಮಗಳೂರಿನಿಂದ ಹೊರಟ ಹಾದಿಯು ಹಾಲುವಾಣ, ಸಿಲ್ವರ್ ಓಕ್ ಮರಗಳ ನೆರಳಿನ ಕಾಫಿ ತೋಟಗಳ ನಡುವೆ ಬಳಸುತ್ತ ಏರಿ, ಸೀತಾಳಯ್ಯನಗಿರಿಯನ್ನು ದಾಟಿ ಮುಳ್ಳಯ್ಯನಗಿರಿಯ ಬುಡವನ್ನು ಸೇರುತ್ತದೆ. ಮುಂದೆ ಮೆಟ್ಟಿಲು. ಸುಮಾರು 1930 ಮೀಟರ್ ಎತ್ತರದ ನೆತ್ತಿಯಲ್ಲಿ ನೆರಳಿಲ್ಲ; ಹುಲ್ಲು, ಗಾಳಿ, ಮುಳ್ಳಪ್ಪಸ್ವಾಮಿಯ ಗುಡಿ, ಇಷ್ಟೇ.

ಗುರುಗ್ರಹವು ಮುಸ್ಸಂಜೆಗೆ ಮೂಡುವ ದಿನಗಳಲ್ಲಿ ಬೆಟ್ಟವಿಳಿಯುವವರಿಗೆ ಪೂರ್ವದಲ್ಲಿ ಅದರ ದರ್ಶನವಾಗುತ್ತದೆ. ನಕ್ಷತ್ರಗಳಂತೆ ಮಿನುಗದ, ಶಾಂತವಾದ ಬೆಳಕು!

ಆ ಶಾಂತಿ ದೂರದ್ದು. 1973ರ ಡಿಸೆಂಬರಿನಲ್ಲಿ ಪಯೊನೀರ್-10 ನೌಕೆಯು ಅದರ ಬಳಿ ಹಾದುಹೋದಾಗ, ಗುರುವಿನ ಕಾಂತಕ್ಷೇತ್ರದಲ್ಲಿ ಸೆರೆಸಿಕ್ಕ ವಿದ್ಯುತ್ಕಣಗಳ ಹೊಡೆತ ಮನುಷ್ಯನನ್ನು ಕೊಲ್ಲಲು ಸಾಕಾಗುವುದಕ್ಕಿಂತ ಅನೇಕ ಪಟ್ಟು ಮಿಗಿಲೆಂದು ತಿಳಿಯಿತು. ಅಯೊ ಎಂಬ ಉಪಗ್ರಹದ ಜ್ವಾಲಾಮುಖಿಗಳು ಉಗುಳಿದ ಗಂಧಕವೂ ಅಲ್ಲಿ ಸುತ್ತುತ್ತಿದೆ. 2016ರಲ್ಲಿ ಗುರುವನ್ನು ಸೇರಿದ ಜೂನೋ ನೌಕೆಯ ಸೂಕ್ಷ್ಮ ಯಂತ್ರಗಳನ್ನು ಟೈಟೇನಿಯಂ ಪೆಟ್ಟಿಗೆಯಲ್ಲಿಟ್ಟು ಕಾಪಾಡಬೇಕಾಯಿತು.

ಅಲ್ಲಿಂದ ತಪ್ಪಿಸಿಕೊಂಡ ಎಲೆಕ್ಟ್ರಾನುಗಳು ಭೂಮಿಯ ನೆರೆಗೂ ಬರುತ್ತವೆ. ಸುಮಾರು 13 ತಿಂಗಳಿಗೊಮ್ಮೆ ಅವುಗಳ ಸಂಖ್ಯೆ ಏರುತ್ತದೆ. ಆದರೆ ನೆಲವನ್ನು ಮುಟ್ಟವು. ಭೂಮಿಯ ಕಾಂತಕ್ಷೇತ್ರವೂ ವಾಯುಮಂಡಲವೂ ಮೇಲೆಯೇ ಅವನ್ನು ತಡೆಯುತ್ತವೆ.

ಕೆಳಗಿನ ಕಾಫಿ ಗಿಡಕ್ಕೆ ಹಾಲುವಾಣವಿದ್ದಂತೆ, ಬೋಳು ಗಿರಿಯ ಮೇಲೆ ನಿಂತವರಿಗೂ ನೆರಳೊಂದು ಉಂಟು. ಕಣ್ಣಿಗೆ ಕಾಣದು, ಅಷ್ಟೆ.