ಕಲಿಸಿ ಬೆಳೆಸುವ ಹಿರಿತನ

ಸೌರಾಷ್ಟ್ರದ ಗಿರಿನಗರದ ಚಂದ್ರಗುಹೆಯಲ್ಲಿ ನೆಲೆಸಿದ್ದ ಧರಸೇನಾಚಾರ್ಯರನ್ನು ವೃದ್ಧಾಪ್ಯದಲ್ಲಿ ಒಂದೇ ಚಿಂತೆ ಕಾಡುತ್ತಿತ್ತು. ಗುರುಪರಂಪರೆಯಿಂದ ಬಂದ ಶ್ರುತದ ಅಳಿದುಳಿದ ಭಾಗವು ತಮ್ಮೊಡನೆಯೇ ಅಸ್ತಂಗತವಾದೀತೆಂಬ ಚಿಂತೆ ಅದು. ಅವರು ದಕ್ಷಿಣಾಪಥದ ಆಚಾರ್ಯರಿಗೆ ಪತ್ರ ಕಳುಹಿಸಿ, ಗ್ರಹಣಶಕ್ತಿಯುಳ್ಳ ಇಬ್ಬರು ಮುನಿಗಳನ್ನು ಬರಮಾಡಿಕೊಂಡರು. ಆದರೆ ಬಂದೊಡನೆ ಪಾಠವನ್ನಾರಂಭಿಸಲಿಲ್ಲ. ಒಬ್ಬರಿಗೆ ಒಂದಕ್ಷರ ಹೆಚ್ಚಿದ್ದ, ಇನ್ನೊಬ್ಬರಿಗೆ ಒಂದಕ್ಷರ ಕಡಿಮೆಯಿದ್ದ ಮಂತ್ರವನ್ನು ಕೊಟ್ಟು ಸಾಧಿಸಿ ಬರಲು ಹೇಳಿದರು. ಸಾಧನೆಯ ಫಲವಾಗಿ ಕಾಣಿಸಿಕೊಂಡ ದೇವಿಯರಲ್ಲಿ ಒಬ್ಬಳಿಗೆ ಹಲ್ಲು ಹೊರಚಾಚಿತ್ತು, ಮತ್ತೊಬ್ಬಳಿಗೆ ಒಂದೇ ಕಣ್ಣು. ಇದು ದೇವತೆಗಳ ಸಹಜ ರೂಪವಲ್ಲವೆಂದು ಅರಿತ ಮುನಿಗಳು ಮಂತ್ರವನ್ನು ವ್ಯಾಕರಣರೀತ್ಯಾ ತಿದ್ದಿ ಮರಳಿ ಸಾಧಿಸಿದರು. ಕೊಟ್ಟದ್ದನ್ನು ಕಣ್ಣುಮುಚ್ಚಿ ಒಪ್ಪದೆ ದೋಷವನ್ನು ಗುರುತಿಸಬಲ್ಲ ವಿವೇಕವನ್ನು ಕಂಡ ಬಳಿಕವೇ ಗುರುಗಳು ಆಗಮವನ್ನು ಬೋಧಿಸಿದರು. ಪಾಠ ಮುಗಿದೊಡನೆ ಶಿಷ್ಯರನ್ನು ಬೀಳ್ಕೊಟ್ಟರು. ಅವರೇ ಪುಷ್ಪದಂತ ಮತ್ತು ಭೂತಬಲಿ ಆಚಾರ್ಯರು. ಪುಷ್ಪದಂತರು ವನವಾಸ ದೇಶಕ್ಕೆ, ಎಂದರೆ ಕನ್ನಡ ನಾಡಿನ ಬನವಾಸಿಯ ಸೀಮೆಗೆ ಬಂದು ಆರಂಭಿಸಿದ ಸೂತ್ರರಚನೆಯನ್ನು ಭೂತಬಲಿಗಳು ಪೂರ್ಣಗೊಳಿಸಿದರು. ಷಟ್ಖಂಡಾಗಮದ ಈ ಉಗಮವೃತ್ತಾಂತವನ್ನು ವೀರಸೇನಾಚಾರ್ಯರು ಧವಲಾ ಟೀಕೆಯಲ್ಲಿ ವಿವರಿಸಿದ್ದಾರೆ. ಶ್ರುತಪಂಚಮಿಯ ಹಿನ್ನೆಲೆಯೂ ಇದೇ.

ಯೋಗ್ಯರನ್ನು ಅರಸುವುದು, ಪರೀಕ್ಷಿಸುವುದು, ಕಲಿಸುವುದು, ಕೊನೆಗೆ ಸ್ವತಂತ್ರವಾಗಿ ನಡೆಯಲು ಬಿಡುವುದು—ಈ ನಾಲ್ಕು ಹಂತಗಳು ಇಲ್ಲಿ ಸ್ಪಷ್ಟವಾಗಿವೆ. ಇಂದಿನ ಬೃಹತ್ ಉದ್ಯಮಗಳು ಪ್ರತಿಭಾವಿಕಾಸ, ನಾಯಕತ್ವದ ತರಬೇತಿ ಎಂದು ಕರೆಯುವುದು ಬಹುಮಟ್ಟಿಗೆ ಇದನ್ನೇ. ಮೊದಲ ಮೂರು ಹಂತಗಳಿಗೆ ಹಣ ಸಾಕು. ನಾಲ್ಕನೆಯದಕ್ಕೆ ಧರ್ಮ ಬೇಕು.

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಜ್ಞಾನಾವರಣ ಕರ್ಮದ ಆಸ್ರವಕ್ಕೆ ಕಾರಣಗಳನ್ನು ಹೇಳುವಾಗ ನಿಹ್ನವ, ಮಾತ್ಸರ್ಯ, ಅಂತರಾಯಗಳನ್ನು ಎಣಿಸುತ್ತಾರೆ. ತಿಳಿದುದನ್ನು ತಿಳಿಯದೆಂದು ಮರೆಮಾಚುವುದು ನಿಹ್ನವ. ಕಲಿತವನು ತನಗೆ ಸಮನಾದಾನೆಂಬ ಅಸೂಯೆಯಿಂದ ಕಲಿಸದಿರುವುದು ಮಾತ್ಸರ್ಯ. ಇನ್ನೊಬ್ಬನ ಕಲಿಕೆಗೆ ಅಡ್ಡಿಯೊಡ್ಡುವುದು ಅಂತರಾಯ. ಸೂತ್ರದ ವಿಷಯ ಮೋಕ್ಷಮಾರ್ಗದ ಜ್ಞಾನವಾದುದರಿಂದ, ವ್ಯಾಪಾರದ ತಿಳಿವಳಿಕೆಗೆ ಅದನ್ನು ಅಕ್ಷರಶಃ ಅನ್ವಯಿಸಿದರೆ ಅತಿಯಾದೀತು. ಆದರೆ ಮನಸ್ಸಿನ ಕಷಾಯಕ್ಕೆ ಮಠ, ಮಂಡಿ ಎಂಬ ಭೇದವಿಲ್ಲ. ಯಾವ ಊರಿನ ಗಿರಾಕಿಗೆ ಎಷ್ಟು ಕಡ ಕೊಡಬಹುದೆಂಬುದನ್ನು ಬರೆದಿಡದೆ ತಲೆಯಲ್ಲೇ ಇಟ್ಟುಕೊಂಡು, ತಾನಿಲ್ಲದೆ ಅಂಗಡಿ ನಡೆಯದೆಂದು ಹಿಗ್ಗುವ ಹಿರಿಯ ಗುಮಾಸ್ತನಲ್ಲಿ ನಿಹ್ನವವಿದೆ. ಚುರುಕಾದ ಕಿರಿಯನನ್ನು ತನ್ನ ವಿಭಾಗ ಬಿಟ್ಟು ಹೋಗಗೊಡದ ಕಂಪನಿಯ ಅಧಿಕಾರಿಯಲ್ಲಿ ಅಂತರಾಯವಿದೆ. ಇಬ್ಬರೂ ಪ್ರಾಮಾಣಿಕರೇ ಆಗಿರಬಹುದು. ಆದರೂ ಅವರಿಂದ ಒಂದು ಜೀವದ ಬೆಳವಣಿಗೆ ನಿಂತುಹೋಗುತ್ತದೆ.

ಈ ಎರಡನೆಯ ದೋಷಕ್ಕೆ ವ್ಯವಸ್ಥೆಯ ಮೂಲಕವೇ ಪರಿಹಾರ ಹುಡುಕಿದ ಉದಾಹರಣೆ ಟಾಟಾ ಸಮೂಹದ್ದು. ಜೆಮ್‌ಶೆಟ್‌ಜಿ ಟಾಟಾ ಅವರು 1868ರಲ್ಲಿ ಸ್ಥಾಪಿಸಿದ ವ್ಯಾಪಾರಸಂಸ್ಥೆ ಕಾಲಕ್ರಮದಲ್ಲಿ ಉಕ್ಕು, ವಿದ್ಯುತ್ತು, ಹೋಟೆಲು, ಮೋಟಾರು ವಾಹನ, ಉಪ್ಪು, ಸಾಫ್ಟ್‌ವೇರ್ ಎಂದು ಹತ್ತಾರು ಶಾಖೆಗಳಾಗಿ ಹರಡಿತು. ಶಾಖೆಗಳು ಹೆಚ್ಚಿದಂತೆ ಪ್ರತಿಭೆಯು ಒಂದೊಂದು ಕೋಣೆಯಲ್ಲಿ ಬಂದಿಯಾಗುವ ಭಯವೂ ಹೆಚ್ಚುತ್ತದೆ. 1938ರಲ್ಲಿ 34ರ ವಯಸ್ಸಿಗೇ ಅಧ್ಯಕ್ಷರಾದ ಜೆ.ಆರ್.ಡಿ. ಟಾಟಾ ಅವರು ಇದನ್ನು ಮನಗಂಡು, 1956ರಲ್ಲಿ ಟಾಟಾ ಅಡ್ಮಿನಿಸ್ಟ್ರೇಟಿವ್ ಸರ್ವಿಸ್ ಎಂಬ ಯೋಜನೆಯನ್ನು ಆರಂಭಿಸಿದರು. ಸರ್ಕಾರದ ಆಡಳಿತಸೇವೆಯಂತೆ ಯುವಕರನ್ನು ಆರಿಸಿ, ಬೇರೆಬೇರೆ ಕಂಪನಿಗಳಲ್ಲಿ ದುಡಿಸಿ ಪಳಗಿಸುವುದು ಇದರ ಕ್ರಮ. ಹೀಗೆ ಆಯ್ಕೆಯಾದವನು ಯಾವುದೋ ಒಂದು ಕಂಪನಿಯ ಸೊತ್ತಲ್ಲ, ಇಡೀ ಸಮೂಹದ ಸಂಪತ್ತು. 1966ರಲ್ಲಿ ಪುಣೆಯಲ್ಲಿ ಆಡಳಿತ ತರಬೇತಿ ಕೇಂದ್ರವೂ ತಲೆಯೆತ್ತಿತು.

ಇದರ ಒಂದು ಫಲ ಕನ್ನಡಿಗರ ಕಣ್ಣೆದುರಿಗೇ ಇದೆ. ಈ ಸೇವೆಯ ಮೂಲಕ ಬಂದ ಜರ್ಕ್ಸಿಸ್ ದೇಸಾಯಿ ಅವರು ಸಮೂಹದ ಮುದ್ರಣಾಲಯವಾದ ಟಾಟಾ ಪ್ರೆಸ್ಸಿನ ಹೊಣೆ ಹೊತ್ತವರು. ಮುದ್ರಣದ ಮನುಷ್ಯನಿಗೆ ಗಡಿಯಾರವೇಕೆ ಎಂದು ಯಾರೂ ತಡೆಯಲಿಲ್ಲ. ತಮಿಳುನಾಡು ಸರ್ಕಾರದ ಉದ್ಯಮಾಭಿವೃದ್ಧಿ ನಿಗಮದ ಜೊತೆಗೂಡಿ 1984ರಲ್ಲಿ ಟೈಟಾನ್ ಕಂಪನಿ ಸ್ಥಾಪನೆಯಾಯಿತು. ಹೊಸೂರಿನಲ್ಲಿ ಕಾರ್ಖಾನೆ, ಬೆಂಗಳೂರಿನಲ್ಲಿ ಕಚೇರಿ. ಅಲ್ಲಿ ಸುತ್ತಲಿನ ಹಳ್ಳಿಗಳ ಎಳೆಯ ವಯಸ್ಸಿನವರನ್ನೇ ಆರಿಸಿ ಗಡಿಯಾರದ ಸೂಕ್ಷ್ಮ ಕೆಲಸವನ್ನು ಕಲಿಸಲಾಯಿತು. ತಾನು ಕಲಿಯಲು ಅವಕಾಶ ಪಡೆದವನು ಇತರರಿಗೂ ಅವಕಾಶ ಕಲ್ಪಿಸುವುದೇ ಇದರ ಸಾರ್ಥಕತೆ. ತಮಿಳುನಾಡಿನ ಮೋಹನೂರಿನ ಕೃಷಿಕ ಕುಟುಂಬದಲ್ಲಿ ಹುಟ್ಟಿ ತಮಿಳು ಶಾಲೆಯಲ್ಲಿ ಓದಿದ ಎನ್. ಚಂದ್ರಶೇಖರನ್ ಅವರು 1987ರಲ್ಲಿ ಟಿ.ಸಿ.ಎಸ್. ಸೇರಿ, 2009ರಲ್ಲಿ ಅದರ ಮುಖ್ಯಸ್ಥರಾಗಿ, 2017ರಲ್ಲಿ ಟಾಟಾ ಸನ್ಸ್‌ನ ಅಧ್ಯಕ್ಷಪೀಠವನ್ನೇರಿದರು. ಪಾರ್ಸಿ ಸಮಾಜದ ಹೊರಗಿನವರೊಬ್ಬರು ಆ ಪೀಠವನ್ನೇರಿದ್ದು ಅದೇ ಮೊದಲು.

ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಎಣಿಸಿದ ಎಂಟು ಮದಗಳಲ್ಲಿ ಕುಲಮದ, ಜಾತಿಮದಗಳೂ ಇವೆ. ಯೋಗ್ಯತೆಯನ್ನು ಅಳೆಯುವ ಮೊದಲೇ ಬಾಗಿಲು ಮುಚ್ಚುವುದು ಈ ಮದದ ಸ್ವಭಾವ. ಒಳ್ಳೆಯ ಸಂಸ್ಥೆಗಳೂ ಇದಕ್ಕೆ ಹೊರತಲ್ಲ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದುತ್ತಿದ್ದ ಸುಧಾ ಕುಲಕರ್ಣಿ—ಇಂದಿನ ಸುಧಾ ಮೂರ್ತಿ—ಅವರು ಟೆಲ್ಕೋ ಕಂಪನಿಯ ಜಾಹೀರಾತಿನಲ್ಲಿ ಮಹಿಳೆಯರು ಅರ್ಜಿ ಹಾಕಬೇಕಾಗಿಲ್ಲವೆಂಬ ಸೂಚನೆಯನ್ನು ಕಂಡು, ಜೆ.ಆರ್.ಡಿ. ಅವರಿಗೇ ಒಂದು ಅಂಚೆ ಕಾರ್ಡು ಬರೆದು ಆಕ್ಷೇಪಿಸಿದರು. ಕಂಪನಿ ಅವರನ್ನು ಸಂದರ್ಶನಕ್ಕೆ ಕರೆದು ಕೆಲಸವನ್ನೂ ಕೊಟ್ಟಿತು. ದೋಷವಿರುವ ಮಂತ್ರವನ್ನು ತಿದ್ದಿದ ಶಿಷ್ಯರನ್ನು ಗುರು ಮೆಚ್ಚಿದಂತೆಯೇ ಇದು. ತಪ್ಪನ್ನು ತೋರಿಸಿದ ಕಿರಿಯಳಿಗೆ ಹಿರಿಯರು ಕಿವಿಗೊಟ್ಟರು.

ಇನ್ನು ನಾಲ್ಕನೆಯ ಹಂತ. ವಸ್ತುವಿಗಿಂತ ವಸ್ತುವಿನ ಮೇಲಣ ಮೂರ್ಛೆಯೇ ಪರಿಗ್ರಹವೆಂಬುದು ಜಿನಾಗಮದ ನಿಲುವು. ಹಾಗಾದರೆ ಬಿಟ್ಟೇಳಲಾಗದ ಕುರ್ಚಿಯೂ ಪರಿಗ್ರಹವೇ. ಸ್ವಾತಂತ್ರ್ಯ ಕೊಟ್ಟು ಬೆಳೆಸಿದ ಟಾಟಾ ಸಮೂಹದಲ್ಲಿಯೂ ಕೆಲವು ಕಂಪನಿಗಳ ಮುಖ್ಯಸ್ಥರು ದಶಕಗಳ ಕಾಲ ಗಟ್ಟಿಯಾಗಿ ಕುಳಿತುದರಿಂದ, 1991ರಲ್ಲಿ ಅಧ್ಯಕ್ಷರಾದ ರತನ್ ಟಾಟಾ ಅವರು ನಿವೃತ್ತಿಯ ವಯಸ್ಸನ್ನು ಬಿಗಿಯಾಗಿ ಜಾರಿಗೆ ತರಬೇಕಾಯಿತು. ತಾವೂ 75 ತುಂಬಿದಾಗ, 2012ರ ಡಿಸೆಂಬರಿನಲ್ಲಿ ನಿವೃತ್ತರಾದರು. ಆದರೂ ಅವರ ಉತ್ತರಾಧಿಕಾರಿ ಸೈರಸ್ ಮಿಸ್ತ್ರಿ ಅವರನ್ನು 2016ರಲ್ಲಿ ಪದಚ್ಯುತಗೊಳಿಸಿದಾಗ ಎದ್ದ ವಿವಾದ 2021ರಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪು ಬರುವವರೆಗೂ ನಡೆಯಿತು. ಆರಿಸುವ ವ್ಯವಸ್ಥೆ ಎಷ್ಟೇ ಚೆನ್ನಾಗಿದ್ದರೂ ಹಸ್ತಾಂತರವು ಕಠಿನವೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಆ ಕಠಿನವಾದುದನ್ನು ಸಾಧಿಸಿ ತೋರಿಸಿದವರು ಆಚಾರ್ಯ ಜ್ಞಾನಸಾಗರ ಮುನಿಮಹಾರಾಜರು. ಬೆಳಗಾವಿ ಜಿಲ್ಲೆಯ ಸದಲಗಾದ ಕನ್ನಡ ಯುವಕನೊಬ್ಬ ರಾಜಸ್ಥಾನದಲ್ಲಿದ್ದ ಅವರ ಬಳಿಗೆ ಬಂದಾಗ, ಅವರು ಕುಲ, ನಾಡು, ನುಡಿಗಳನ್ನು ಲೆಕ್ಕಿಸದೆ ವಿದ್ಯೆಯನ್ನು ಧಾರೆಯೆರೆದರು. 1968ರಲ್ಲಿ ಅಜ್ಮೀರದಲ್ಲಿ ಮುನಿದೀಕ್ಷೆ ನೀಡಿದರು. 1972ರ ನವೆಂಬರಿನಲ್ಲಿ ನಸೀರಾಬಾದಿನಲ್ಲಿ 26ರ ಹರೆಯದ ಆ ಶಿಷ್ಯ ವಿದ್ಯಾಸಾಗರರಿಗೆ ಆಚಾರ್ಯಪದವನ್ನು ಒಪ್ಪಿಸಿ, ಎತ್ತರದ ಆಸನದಲ್ಲಿ ಅವರನ್ನು ಕುಳ್ಳಿರಿಸಿ, ತಾವು ಕೆಳಗೆ ಕುಳಿತರು. ಅಷ್ಟೇ ಅಲ್ಲ, ತಮ್ಮ ಸಲ್ಲೇಖನೆಗೆ ಅವರನ್ನೇ ನಿರ್ಯಾಪಕಾಚಾರ್ಯರಾಗಿರಲು ಪ್ರಾರ್ಥಿಸಿದರು. ತಾನು ಬೆಳೆಸಿದವನ ಆಜ್ಞೆಗೆ ತಾನೇ ಒಳಗಾಗುವುದಕ್ಕಿಂತ ದೊಡ್ಡ ಹಸ್ತಾಂತರ ಇನ್ನಾವುದು?

ಇಷ್ಟೆಲ್ಲವನ್ನೂ ಓದಿದ ಶ್ರಾವಕರು ಮೊದಲು ನೋಡಬೇಕಾದುದು ತಮ್ಮ ಅಂಗಡಿಯನ್ನು, ತಮ್ಮ ಬಸದಿಯ ಟ್ರಸ್ಟನ್ನು. ಬಸದಿಯ ಜಮೀನಿನ ದಾಖಲೆ, ಬ್ಯಾಂಕಿನ ವ್ಯವಹಾರ, ನ್ಯಾಯಾಲಯದ ಕಾಗದಗಳು ಒಬ್ಬರಿಗೇ ತಿಳಿದಿದ್ದರೆ ಅದು ಸೇವೆಯ ಹೆಸರಿನಲ್ಲಿ ನಡೆಯುವ ನಿಹ್ನವ. ಪ್ರತಿ ವರ್ಷ ಒಬ್ಬ ಯುವಕನನ್ನೋ ಯುವತಿಯನ್ನೋ ಕೋಶಾಧಿಕಾರಿಯ ಪಕ್ಕದಲ್ಲಿ ಕುಳ್ಳಿರಿಸಿ ಲೆಕ್ಕ ಕಲಿಸಬಹುದು. ರಥೋತ್ಸವ, ಅನ್ನದಾನ, ಪಾಠಶಾಲೆಗಳ ಹೊಣೆಯನ್ನು ಸರದಿಯ ಮೇಲೆ ಹಂಚಬಹುದು. ಪದಾಧಿಕಾರಕ್ಕೆ ಅವಧಿಯನ್ನು ಗೊತ್ತುಪಡಿಸಿ, ಅದು ಮುಗಿದಾಗ ಬೀಗದ ಕೈಗಳ ಜೊತೆಗೆ ತಿಳಿವಳಿಕೆಯನ್ನೂ ಒಪ್ಪಿಸಬಹುದು. ಕಿರಿಯರು ಆರಂಭದಲ್ಲಿ ತಪ್ಪು ಮಾಡುತ್ತಾರೆ. ಆಗ ಅವರ ದೋಷವನ್ನು ಸಭೆಯಲ್ಲಿ ಎತ್ತಿ ಆಡದೆ ಮರೆಸುವುದು ಉಪಗೂಹನ, ಜಾರಿದವರನ್ನು ಮತ್ತೆ ನಿಲ್ಲಿಸುವುದು ಸ್ಥಿತೀಕರಣ. ಸಮ್ಯಗ್ದರ್ಶನದ ಈ ಅಂಗಗಳನ್ನು ಪೂಜೆಯಲ್ಲಿ ಸ್ಮರಿಸುವ ಹಿರಿಯರು ಟ್ರಸ್ಟಿನ ಸಭೆಯಲ್ಲಿಯೂ ಅವನ್ನು ಪಾಲಿಸಿದರೆ, ಮುಂದಿನ ತಲೆಮಾರು ತಾನಾಗಿಯೇ ಬಸದಿಯ ಹೊಣೆಯನ್ನು ಹೊರಲು ಮುಂದೆ ಬಂದೀತು.