ಎಡಗೈಗೆ ಒಂದು ಕೆಲಸ

ಹಾರ್ಮೋನಿಯಂ ನುಡಿಸುವವರ ಬಲಗೈಯನ್ನು ಎಲ್ಲರೂ ನೋಡುತ್ತಾರೆ. ಎಡಗೈಯನ್ನು ಗಮನಿಸುವವರು ವಿರಳ. ಸ್ವರಗಳೇನೋ ಬಲಗೈಯಿಂದಲೇ ಹೊರಡುತ್ತವೆ. ಆದರೆ ಹಾಡುವವರ ದನಿ ತಗ್ಗಿದಾಗ ತಾನೂ ತಗ್ಗಿ, ಏರಿದಾಗ ಒಂದು ಹೆಜ್ಜೆ ಹಿಂದೆಯೇ ಉಳಿದು ಏರುವುದು ತಿದಿಯೊತ್ತುವ ಎಡಗೈಯ ವಿವೇಕ. 19ನೇ ಶತಮಾನದ ಉತ್ತರಾರ್ಧದಲ್ಲಿ ಕೊಲ್ಕತ್ತದ ದ್ವಾರಕಾನಾಥ ಘೋಷರು ಯುರೋಪಿನ ಕಾಲ್ತಿದಿಯ ವಾದ್ಯವನ್ನು ನೆಲದ ಮೇಲೆ ಕುಳಿತು ನುಡಿಸುವ ಪೆಟ್ಟಿಗೆಯಾಗಿ ಮಾರ್ಪಡಿಸಿದಾಗ ಈ ಹೊಣೆ ಕಾಲಿನಿಂದ ಕೈಗೆ ಬಂದಿತು. ಮೈಸೂರು ಅನಂತಸ್ವಾಮಿಯವರು ಹಾರ್ಮೋನಿಯಂ ನುಡಿಸುತ್ತ ಭಾವಗೀತೆ ಹಾಡುವುದನ್ನು ಕೇಳಿದವರಿಗೆ ನಾನು ಹೇಳುತ್ತಿರುವುದು ಅರ್ಥವಾದೀತು.

ಇದೆಲ್ಲ ಈಗ ನೆನಪಾಗಲು ಕಾರಣ ನನ್ನ ಹಳೆಯ ವಿದ್ಯಾರ್ಥಿಯೊಬ್ಬ. (ಹೆಸರು ಬರೆಯಬೇಡಿರೆಂದಿದ್ದಾನೆ, ಅವನ ಸಹಪಾಠಿಗಳಿಗೆ ಊಹೆ ಕಷ್ಟವಾಗದು.) ಸುಗಮ ಸಂಗೀತದ ತಂಡವೊಂದರಲ್ಲಿ ಕೀಬೋರ್ಡ್ ನುಡಿಸುತ್ತಾನೆ. ಅವನ ಕೀಬೋರ್ಡಿಗೆ ಸ್ವಂತ ದನಿಯೇ ಇಲ್ಲ. ಎರಡು ಸ್ಥಾಯಿಗಳಷ್ಟು ಮನೆಗಳು, ಮೇಲೆ ಎಂಟು ನಾಬುಗಳು, ಎಡಬದಿಗೆ ಒಂದು ಚಕ್ರ. ದನಿಯೆಲ್ಲ ಪಕ್ಕದ ಲ್ಯಾಪ್‌ಟಾಪಿನಲ್ಲಿರುವ ತಂತ್ರಾಂಶದ್ದು. ಇವೆರಡರ ನಡುವಿನ ಭಾಷೆ 1983ರಲ್ಲಿ ಬಳಕೆಗೆ ಬಂದ ‘ಮಿಡಿ’. ನಾಬನ್ನು ತಿರುಗಿಸಿದರೆ ಅದು ತನ್ನ ಕ್ರಮಸಂಖ್ಯೆಯನ್ನೂ 0ಯಿಂದ 127ರೊಳಗಿನ ಒಂದು ಅಂಕಿಯನ್ನೂ ಕಳುಹಿಸುತ್ತದೆ, ಅಷ್ಟೆ. ಆ ಅಂಕಿ ಪಿಟೀಲುಗಳ ಗಟ್ಟಿತನವೋ ಪ್ರತಿಧ್ವನಿಯೋ ತಂಬೂರಿಯೋ ಎಂಬುದನ್ನು ನುಡಿಸುವವನೇ ಮೊದಲು ನಿಗದಿಪಡಿಸಿಕೊಳ್ಳಬೇಕು.

ನಮ್ಮ ಹುಡುಗ ಹಾಡಿಗೊಂದು ನಿಗದಿ ಮಾಡಿಕೊಂಡಿದ್ದ. ಮೊದಲ ಹಾಡಿನಲ್ಲಿ ಮೂರನೆಯ ನಾಬು ಪ್ರತಿಧ್ವನಿಗೆ. ಎರಡನೆಯ ಹಾಡಿನಲ್ಲಿ ಅದೇ ನಾಬು ಪಿಟೀಲುಗಳ ಗಟ್ಟಿತನಕ್ಕೆ. ಗಣೇಶೋತ್ಸವದ ವೇದಿಕೆಯೊಂದರಲ್ಲಿ ಮೊದಲ ಹಾಡು ಮುಗಿದಾಗ ನಾಬು 110ರಲ್ಲಿ ನಿಂತಿತ್ತು. ಎರಡನೆಯ ಹಾಡಿಗೆ ತಂತ್ರಾಂಶ ಪಿಟೀಲುಗಳನ್ನು 40ರಲ್ಲಿಟ್ಟಿತ್ತು. ಗಾಯಕಿ ಅತ್ಯಂತ ಮೆಲುದನಿಯ ಸಾಲಿಗೆ ಬಂದಾಗ, ಇನ್ನಷ್ಟು ತಗ್ಗಿಸೋಣವೆಂದು ಇವನು ನಾಬನ್ನು ಕೂದಲೆಳೆಯಷ್ಟು ಹಿಂದಕ್ಕೆ ತಿರುಗಿಸಿದ. ಅದು ಕಳುಹಿಸಿದ್ದು 109. ಪಿಟೀಲುಗಳು ಒಮ್ಮೆಲೇ ಭೋರ್ಗರೆದವು. ಆಕೆ ಹಾಡುವುದನ್ನು ನಿಲ್ಲಿಸಿಬಿಟ್ಟರು. ಮೂವತ್ತು ವರ್ಷ ಹಾಡಿದವರು ನಡು ಸಾಲಿನಲ್ಲಿ ನಿಂತದ್ದು ಅದೇ ಮೊದಲಂತೆ. ಕಾರ್ಯಕ್ರಮ ಮುಗಿದ ಮೇಲೆ, ಇನ್ನು ಮುಂದೆ ತಮಗೆ ಹಾರ್ಮೋನಿಯಂ, ತಬಲ ಸಾಕೆಂದರು.

ಅವನು ಪೆಟ್ಟಿಗೆ ಸಮೇತ ನಮ್ಮ ಮನೆಗೆ ಬಂದ. ತಂತ್ರಾಂಶದ ವಿಷಯದಲ್ಲಿ ಗುರು ಅವನೇ, ಶಿಷ್ಯ ನಾನು. ಇಂಥ ನೆಗೆತಕ್ಕೆ ಪರಿಹಾರವೂ ಉಂಟೆಂದು ಅವನೇ ತೋರಿಸಿದ: ತಿರುಗಿಸುತ್ತ ಹೋಗಿ ತಂತ್ರಾಂಶದೊಳಗಿನ ಬೆಲೆಯನ್ನು ಮುಟ್ಟುವವರೆಗೂ ನಾಬಿನ ಮಾತನ್ನು ಕೇಳದಂತೆ ಏರ್ಪಾಡು ಮಾಡಬಹುದು. ಒಳ್ಳೆಯದೇ. ಆದರೆ ಹಾಡಿನ ನಡುವೆ ಆ ಬೆಲೆ ಎಲ್ಲಿದೆಯೆಂದು ಕತ್ತಲಲ್ಲಿ ತಡಕುವುದು ಪಕ್ಕವಾದ್ಯದವನ ಕೆಲಸವೇ? ತರಗತಿಯಲ್ಲಿ ಕಪ್ಪುಹಲಗೆ ಒರೆಸುವ ಸರದಿಯನ್ನು ದಿನವೂ ಬದಲಾಯಿಸಿದರೆ ಶುಕ್ರವಾರ ಯಾರೂ ಒರೆಸಿರುವುದಿಲ್ಲ! ಒಂದು ನಾಬಿಗೆ ಇಡೀ ಕಛೇರಿಗೆ ಒಂದೇ ಕೆಲಸ ಎಂಬುದು ನನ್ನ ವಾದ. ಬಹಳ ಚರ್ಚೆಯಾದ ಮೇಲೆ ಒಪ್ಪಿದ.

ಮುಖ್ಯವಾದದ್ದು ತಿದಿಯ ಪ್ರಶ್ನೆ. ಮಿಡಿಯಲ್ಲಿ 7ನೇ ಸಂಖ್ಯೆ ಒಟ್ಟು ಗಟ್ಟಿತನಕ್ಕೆ, 11ನೆಯದು ಆ ಎಲ್ಲೆಯೊಳಗೆ ಉಸಿರಿನಂತೆ ಏರಿಳಿಯುವುದಕ್ಕೆ. ಇವನು ಎಲ್ಲವನ್ನೂ 7ರಲ್ಲೇ ಮಾಡುತ್ತಿದ್ದ. ಈಗ 7ನ್ನು ಕಛೇರಿಗೆ ಮುನ್ನ ಹೊಂದಿಸಿಟ್ಟು, 11ನ್ನು ಕಾಲಿನ ಪೆಡಲಿಗೆ ಕೊಟ್ಟಿದ್ದಾನೆ. ಘೋಷರು ಕೈಗೆ ತಂದದ್ದನ್ನು ನಾವು ಮತ್ತೆ ಕಾಲಿಗೆ ಕಳುಹಿಸಿದಂತಾಯಿತು! ಎಡಗೈ ಬಿಡುವಾದದ್ದು ಚಕ್ರಕ್ಕಾಗಿ. ಗಮಕವಿಲ್ಲದ ಸ್ಥಿರಸ್ವರಗಳ ವಾದ್ಯವೆಂಬುದು ಹಾರ್ಮೋನಿಯಂ ಮೇಲಿನ ಹಳೆಯ ಆಕ್ಷೇಪ. 1940ರಲ್ಲಿ ಆಲ್ ಇಂಡಿಯಾ ರೇಡಿಯೋ ಅದನ್ನು ನಿಷೇಧಿಸಿ, 1971ರವರೆಗೂ ಬಾಗಿಲು ತೆರೆಯಲಿಲ್ಲ. ತೋಡಿಯ ಗಾಂಧಾರವನ್ನು ಒಂದೇ ಮನೆಯಲ್ಲಿ ಒತ್ತಿ ನಿಲ್ಲಿಸಿದರೆ ಅದು ತೋಡಿಯೇ ಅಲ್ಲವಷ್ಟೆ. ಈ ಚಕ್ರಕ್ಕೆ 127ರ ಮಿತಿಯಿಲ್ಲ, 16384 ಮೆಟ್ಟಿಲುಗಳು. ಬಿಟ್ಟರೆ ತಾನಾಗಿ ನಡುವಿಗೆ ಮರಳುತ್ತದೆ. ಕಂಪಿತ, ಜಾರು ಎರಡೂ ಸಾಧ್ಯ, ಸಾಧನೆಯಿದ್ದರೆ.

ತಂಬೂರಿಯ ಶ್ರುತಿಯನ್ನೂ ಒಂದು ನಾಬಿಗೆ ಕೊಡುವ ಆಸೆ ಅವನಿಗಿತ್ತು. ಬೆಂಗಳೂರಿನ ರಾಜ್ ನಾರಾಯಣರ ರಾಡೆಲ್ ಎಲೆಕ್ಟ್ರಾನಿಕ್ ತಂಬೂರಿಗಳಲ್ಲಿ ಶ್ರುತಿಗೆ ನಾಬೇ ಅಲ್ಲವೇ ಎಂದ. ಅದು ಶ್ರುತಿಗೆಂದೇ ಮಾಡಿದ ನಾಬು. ಇಲ್ಲಿ ಒಂದು ಸ್ಥಾಯಿಯನ್ನು 127 ಮೆಟ್ಟಿಲಿಗೆ ಹಂಚಿದರೆ ಒಂದೊಂದು ಮೆಟ್ಟಿಲೂ ಅರೆಸ್ವರದ ಸುಮಾರು ಹತ್ತರಲ್ಲೊಂದು ಪಾಲು. ಷಡ್ಜಕ್ಕೆ ಕಿವಿಗೊಟ್ಟು ಕುಳಿತ ಗಾಯಕಿಗೆ ಅಷ್ಟು ಅಪಶ್ರುತಿ ಸಾಕು. ಅದಲ್ಲದೆ, ಕೈತಪ್ಪಿ ತಗುಲಿದರೆ? ಶ್ರುತಿಯನ್ನು ಲ್ಯಾಪ್‌ಟಾಪಿನಲ್ಲೇ ಕೂಡಿಸಿಟ್ಟು, ನಾಬಿಗೆ ತಂಬೂರಿಯ ಗಟ್ಟಿತನವನ್ನಷ್ಟೇ ಕೊಟ್ಟೆವು.

ಎಂಟರಲ್ಲಿ ಈಗ ಕೆಲಸವಿರುವುದು ಮೂರಕ್ಕೆ: ಪಿಟೀಲು, ಪ್ರತಿಧ್ವನಿ, ತಂಬೂರಿ. ಉಳಿದ ಐದು ಸುಮ್ಮನಿರುವುದು ಅವನಿಗೆ ಸಂಕಟ. ಹಣ ಕೊಟ್ಟು ತಂದದ್ದಲ್ಲವೇ. ಗಾಯಕಿ ಇನ್ನೂ ಪೂರ್ತಿ ಒಪ್ಪಿಲ್ಲ. ಬರುವ ಭಾನುವಾರ ತಮ್ಮ ಮನೆಯಲ್ಲಿ ಅಭ್ಯಾಸಕ್ಕೆ ಕರೆದಿದ್ದಾರೆ, ಹಾರ್ಮೋನಿಯಮ್ಮನ್ನೂ ತರಬೇಕೆಂಬ ಷರತ್ತಿನೊಂದಿಗೆ. ನನ್ನ ಹಾರ್ಮೋನಿಯಮ್ಮನ್ನು ಅವನ ಜೊತೆ ಕಳುಹಿಸುತ್ತಿದ್ದೇನೆ.