ನಡಿಗಡ್ಡೆಯಿಂದ ಪರದೇಶಕ್ಕೆ

ಬಡಗಣಕ್ಕೆ ಕೃಷ್ಣೆ, ತೆಂಕಣಕ್ಕೆ ತುಂಗಭದ್ರೆ. ಇವೆರಡರ ನಡುವಣ ನೆಲಕ್ಕೆ ಇಲ್ಲಿಯ ಜನರು ನಡಿಗಡ್ಡ ಎನ್ನುತ್ತಾರೆ. ಗದ್ವಾಲ, ಆಲಂಪುರ, ಇಟಿಕ್ಯಾಲಗಳು ಈ ನೆಲದ ಊರುಗಳು. ರಾಯಚೂರಿನ ಸೀಮೆಯೂ ಇದೇ ನದಿಗಳ ನಡುವಿನದು. 2013ರಲ್ಲಿ ಆರಂಭವಾದ ರಾಯಚೂರು-ಗದ್ವಾಲ ರೈಲುಮಾರ್ಗದಲ್ಲಿ ಬಂದ ನಮಗೆ ಗಡಿ ದಾಟಿದ್ದು ತಿಳಿದದ್ದು ನಿಲ್ದಾಣದ ಫಲಕದಲ್ಲಿ ಲಿಪಿ ಬದಲಾದುದರಿಂದ. ಹೊಲದ ಹತ್ತಿ ಬದಲಾಗಲಿಲ್ಲ. ಡಬ್ಬಿಯೊಳಗಿನ ಮಾತೂ ಬದಲಾಗಲಿಲ್ಲ. ಗದ್ವಾಲದಲ್ಲಿಳಿದು ಬಸ್ಸು ಹಿಡಿದು ಇಟಿಕ್ಯಾಲದ ಕಡೆಗೆ ಹೊರಟೆವು.

ಈ ಗಡಿಯ ವಯಸ್ಸು ಹೆಚ್ಚಿನದಲ್ಲ. ನಿಜಾಮರ ಆಳ್ವಿಕೆಯಲ್ಲಿ ಗದ್ವಾಲ, ರಾಯಚೂರುಗಳೆರಡೂ ಒಂದೇ ಹೈದರಾಬಾದು ಸಂಸ್ಥಾನದವು. ನಿಜವಾದ ಎಲ್ಲೆ ತುಂಗಭದ್ರೆಯ ಮೇಲಿತ್ತು. ಆಚೆಯ ಕರ್ನೂಲು ಆಂಗ್ಲರ ಮದರಾಸು ಪ್ರಾಂತಕ್ಕೆ ಸೇರಿದುದರಿಂದ ಎಲ್ಲೆ ದಾಟುವ ಸರಕಿಗೆ ನಿಜಾಮರ ಕರೋಡಗಿರಿ ಇಲಾಖೆಗೆ ಸುಂಕ ತೆರಬೇಕಿತ್ತು. 1956ರ ರಾಜ್ಯ ಪುನರ್ವಿಂಗಡಣೆಯ ಕಾಯದೆಯು ಗದ್ವಾಲ ಮತ್ತು ಆಲಂಪುರ ತಾಲೂಕುಗಳನ್ನು ಬಿಟ್ಟು ಉಳಿದ ರಾಯಚೂರು ಜಿಲ್ಲೆಯನ್ನು ಮೈಸೂರಿಗೆ ಕೊಟ್ಟಿತು. ಅಂದಿನಿಂದ ಒಂದೇ ಮನೆತನದ ಅಣ್ಣನು ಆಚೆ, ತಮ್ಮನು ಈಚೆ. ಆದರೂ ಮದುವೆಗೋ ಸಂತೆಗೋ ಹೋಗಿಬರಲು ಯಾವ ರಹದಾರಿಯೂ ಬೇಕಾಗಿಲ್ಲ.

ಈ ಸಲೀಸು ನಮ್ಮ ಭಾಗ್ಯವೇ ಸರಿ. ಆದರೆ ಸಮುದ್ರದಾಚೆಯ ಗಡಿಯೂ ಹೀಗೆಯೇ ಇರುವುದೆಂದು ಭಾವಿಸಿದರೆ ಆಗುವ ಅನಾಹುತ ಸಣ್ಣದಲ್ಲ. ಪಾಲಮೂರಿನ ಕೂಲಿಗಳು ಅಣೆಕಟ್ಟು, ಕಾಲುವೆಗಳ ಕೆಲಸಕ್ಕೆ ದೇಶದ ಮೂಲೆಮೂಲೆಗೂ ಹೋದವರು. ತೆಲಂಗಾಣದಿಂದ ಕೊಲ್ಲಿ ನಾಡುಗಳಿಗೆ ಹೋಗುವವರಲ್ಲಿ ಕರೀಂನಗರ, ನಿಜಾಮಾಬಾದು ಕಡೆಯವರೇ ಹೆಚ್ಚಾದರೂ ಈ ಸೀಮೆಯ ತರುಣರೂ ಈಗ ಆ ದಾರಿ ಹಿಡಿದಿದ್ದಾರೆ. ಎರ್ರವಲ್ಲಿ ಚೌರಸ್ತಾದ ಚಹದ ಅಂಗಡಿಯಲ್ಲಿ ಕುಳಿತಿದ್ದಾಗ ಒಬ್ಬ ತರುಣನು ಹೆಮ್ಮೆಯಿಂದ, “ವೀಸಾ ಬಂದದರೀ, ಇನ್ನೇನು ನೌಕರಿ ಆದಂಗೇ” ಎಂದನು. ಆ ಮಾತೇ ಈ ಲೇಖನಕ್ಕೆ ಕಾರಣ.

ವೀಸಾ ಎಂದರೆ ಪರದೇಶದ ಸರಕಾರವು ತನ್ನ ಬಾಗಿಲೊಳಗೆ ಬರಲು ಕೊಡುವ ಅಪ್ಪಣೆ. ಅದು ಕೆಲಸವೂ ಅಲ್ಲ, ಸಂಬಳದ ಕರಾರೂ ಅಲ್ಲ. ಏತಕ್ಕಾಗಿ ಕೊಟ್ಟ ಅಪ್ಪಣೆಯೋ ಅದಕ್ಕಷ್ಟೇ ಅದು ಸಲ್ಲುತ್ತದೆ. ನೋಡಿಬರಲೆಂದು ಕೊಟ್ಟ ಸಂದರ್ಶನ ವೀಸಾದ ಮೇಲೆ ದುಡಿಯುವುದು ಅಲ್ಲಿ ಅಪರಾಧ. ಅವಧಿ ಮೀರಿದರೆ ದಂಡ ದಿನದಿನಕ್ಕೆ ಬೆಳೆಯುತ್ತದೆ. “ಮೊದಲು ಸಂದರ್ಶನದ ಮೇಲೆ ಹೋಗು, ಆಮೇಲೆ ಕೆಲಸದ್ದು ಮಾಡಿಸೋಣ” ಎನ್ನುವ ದಲ್ಲಾಳಿಯ ಮಾತು ಇದೇ ಕಾರಣಕ್ಕೆ ಅಪಾಯದ್ದು.

ಹತ್ತನೆಯ ತರಗತಿ ತೇರ್ಗಡೆಯಾಗದವರ ಪಾಸ್‌ಪೋರ್ಟಿನಲ್ಲಿ ಸಾಮಾನ್ಯವಾಗಿ ಇ.ಸಿ.ಆರ್. ಎಂಬ ಗುರುತು ಇರುತ್ತದೆ. ಅಂಥವರು ಸೌದಿ, ಕುವೈತು, ಕತಾರು ಮೊದಲಾದ 18 ದೇಶಗಳಿಗೆ ದುಡಿಯಲು ಹೋಗುವ ಮುನ್ನ, 1983ರ ವಲಸೆ ಕಾಯದೆಯಂತೆ ವಲಸಿಗರ ರಕ್ಷಣಾಧಿಕಾರಿಯ ಅನುಮತಿ ಪಡೆಯಬೇಕು. ಕಚೇರಿ ಹೈದರಾಬಾದಿನಲ್ಲಿದೆ. ಇದನ್ನು ಅಡ್ಡಿಯೆಂದು ತಿಳಿಯಬಾರದು; ಕೆಲಸ ಯಾವುದು, ಸಂಬಳವೆಷ್ಟು ಎಂಬ ಕರಾರು ಸರಕಾರದ ದಾಖಲೆಗೆ ಸೇರುವುದು ಈ ದಾರಿಯಲ್ಲಿಯೇ. ಪರವಾನಗಿ ಪಡೆದ ನೇಮಕಾತಿ ಏಜೆಂಟನು ಕೆಲಸಗಾರನಿಂದ 30,000 ರೂಪಾಯಿ ಹಾಗೂ ಅದರ ಮೇಲಿನ ತೆರಿಗೆಗಿಂತ ಹೆಚ್ಚು ಕೇಳುವಂತಿಲ್ಲ. ಪ್ರವಾಸಿ ಭಾರತೀಯ ಬಿಮಾ ಯೋಜನೆಯಲ್ಲಿ ಎರಡು ವರ್ಷಕ್ಕೆ 275 ರೂಪಾಯಿ ಕಟ್ಟಿದರೆ ಅಪಘಾತದ ಸಾವಿಗೆ 10 ಲಕ್ಷ ರೂಪಾಯಿಯ ವಿಮೆಯುಂಟು. ಸಂದರ್ಶನ ವೀಸಾದಲ್ಲಿ ನುಸುಳಿದವನಿಗೆ ಈ ರಕ್ಷಣೆಗಳೆಲ್ಲ ತಪ್ಪಿಹೋಗುತ್ತವೆ.

ಗಡಿನಾಡಿನವರಾದ ನಮಗೆ ಇನ್ನೊಂದು ತೊಡಕುಂಟು: ಹೆಸರು. ಮನೆಯಲ್ಲಿ ಕನ್ನಡದ ಹೆಸರು, ಶಾಲೆಯ ದಾಖಲೆಯಲ್ಲಿ ಅದು ತೆಲುಗಿನಲ್ಲಿ, ಪಾಸ್‌ಪೋರ್ಟಿನಲ್ಲಿ ಆಂಗ್ಲ ಅಕ್ಷರಗಳಲ್ಲಿ. ತೆಲುಗರು ಇಂಟಿಪೇರನ್ನು ಮುಂದಿಡುತ್ತಾರೆ. ನಮ್ಮಲ್ಲಿ ಅನೇಕರಿಗೆ ಒಂದೇ ಹೆಸರು. 2022ರ ನವೆಂಬರಿನಲ್ಲಿ ಸಂಯುಕ್ತ ಅರಬ್ ಸಂಸ್ಥಾನವು ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರುಳ್ಳವರನ್ನು ಸಂದರ್ಶನ ವೀಸಾದ ಮೇಲೆ ಸೇರಿಸುವುದಿಲ್ಲವೆಂದಿತು. ಬಳಿಕ ತಂದೆಯ ಹೆಸರೋ ಮನೆತನದ ಹೆಸರೋ ಎರಡನೆಯ ಪುಟದಲ್ಲಿದ್ದರೆ ಸಾಕೆಂದು ಸಡಿಲಿಸಿತು. ಮಹಬೂಬನಗರದ ಅಂಚೆ ಕಚೇರಿಯ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಹೋಗುವ ಮುನ್ನವೇ ಎಲ್ಲ ಕಾಗದಗಳಲ್ಲಿ ಹೆಸರೂ ಹುಟ್ಟಿದ ದಿನವೂ ಒಂದೇ ಆಗಿವೆಯೇ ಎಂದು ಮನೆಯ ಹಿರಿಯರು ನೋಡಬೇಕು.

ಇನ್ನು, ಆಪತ್ತಿನಲ್ಲಿ ಆಸರೆ ಯಾರು? ನಮ್ಮ ರಾಯಭಾರ ಕಚೇರಿ ಹಾಗೂ ಕಾನ್ಸುಲ್ ಕಚೇರಿಗಳು. ಸೌದಿಯಲ್ಲಿ ರಿಯಾದ್ ಮತ್ತು ಜೆಡ್ಡಾ, ಅರಬ್ ಸಂಸ್ಥಾನದಲ್ಲಿ ಅಬುಧಾಬಿ ಮತ್ತು ದುಬೈಗಳಲ್ಲಿ ಅವು ಇವೆ. ಪಾಸ್‌ಪೋರ್ಟು ಕಳೆದರೆ ಸ್ವದೇಶಕ್ಕೆ ಮರಳಲು ಅವು ತುರ್ತು ಪತ್ರ ಕೊಡುತ್ತವೆ. 2009ರಲ್ಲಿ ಸ್ಥಾಪನೆಯಾದ ಭಾರತೀಯ ಸಮುದಾಯ ಕ್ಷೇಮನಿಧಿಯಿಂದ ನಿರ್ಗತಿಕರಿಗೆ ಊಟ, ವಸತಿ, ವಿಮಾನದ ಟಿಕೇಟು ದೊರೆಯಬಹುದು. ಮೃತದೇಹವನ್ನು ಊರಿಗೆ ಕಳಿಸುವ ವೆಚ್ಚವನ್ನೂ ಭರಿಸಬಹುದು. 2015ರಲ್ಲಿ ಆರಂಭವಾದ ‘ಮದದ್’ ವ್ಯವಸ್ಥೆಯಲ್ಲಿ ಊರಿನಲ್ಲಿರುವ ಹೆಂಡತಿಯೋ ತಂದೆಯೋ ದೂರು ದಾಖಲಿಸಬಹುದು. ಸೆರೆಸಿಕ್ಕವನು ತನ್ನ ದೇಶದ ಕಾನ್ಸುಲ್ ಕಚೇರಿಗೆ ಸುದ್ದಿ ಮುಟ್ಟಿಸಿರೆಂದು ಕೇಳುವ ಹಕ್ಕನ್ನು 1963ರ ವಿಯೆನ್ನಾ ಒಡಂಬಡಿಕೆಯ 36ನೆಯ ವಿಧಿ ಕೊಟ್ಟಿದೆ. ಕುಲಭೂಷಣ ಜಾಧವರ ಪ್ರಕರಣದಲ್ಲಿ ಪಾಕಿಸ್ತಾನವು ಈ ವಿಧಿಯನ್ನು ಮುರಿಯಿತೆಂದು ಅಂತಾರಾಷ್ಟ್ರೀಯ ನ್ಯಾಯಾಲಯವು 2019ರಲ್ಲಿ ತೀರ್ಪಿತ್ತಿತು.

ಆದರೆ ದೂತಾವಾಸಕ್ಕೂ ಮಿತಿಯುಂಟು. ಅದು ಪರದೇಶದ ಕಾನೂನನ್ನು ಬದಲಿಸಲಾರದು, ಸೆರೆಮನೆಯ ಬೀಗ ತೆಗೆಯಲಾರದು, ಯಜಮಾನನ ಸಾಲ ತೀರಿಸಲಾರದು. ಕಾಗದ ಸರಿಯಿದ್ದವನ ಪರವಾಗಿ ಅದು ಗಟ್ಟಿಯಾಗಿ ಮಾತನಾಡಬಲ್ಲದು. ಕಾಗದವೇ ಇಲ್ಲದವನನ್ನು ಹುಡುಕುವುದರಲ್ಲಿಯೇ ತಿಂಗಳುಗಳು ಕಳೆಯಬಹುದು. 2024ರಲ್ಲಿ ತೆಲಂಗಾಣ ಸರಕಾರವು ಕೊಲ್ಲಿ ನಾಡಿನಲ್ಲಿ ಮಡಿದ ಕಾರ್ಮಿಕರ ಕುಟುಂಬಕ್ಕೆ 5 ಲಕ್ಷ ರೂಪಾಯಿ ಪರಿಹಾರ ನೀಡುವ ಆದೇಶ ಹೊರಡಿಸಿತು. ಅದನ್ನು ಪಡೆಯಲಿಕ್ಕೂ ಬೇಕಾದುದು ಮನೆಯ ಪೆಟ್ಟಿಗೆಯಲ್ಲಿರುವ ಕಾಗದವೇ.

ಆದುದರಿಂದ ಹೋಗುವವನನ್ನು ಹರಸಿ ಕಳಿಸುವ ಮುನ್ನ ಪಾಸ್‌ಪೋರ್ಟು, ವೀಸಾ, ಕರಾರು, ವಿಮೆಗಳ ಒಂದೊಂದು ಪ್ರತಿಯನ್ನು ಮನೆಯಲ್ಲಿ ಇರಿಸಿಕೊಳ್ಳಿರಿ. ಕರಾರನ್ನು ಬಲ್ಲವರಿಂದ ಕನ್ನಡದಲ್ಲಿಯೋ ತೆಲುಗಿನಲ್ಲಿಯೋ ಓದಿಸಿ, ಅರ್ಥವಾದ ಮೇಲೆಯೇ ರುಜು ಹಾಕಿಸಿರಿ. ಪಾಸ್‌ಪೋರ್ಟು ಭಾರತ ಸರಕಾರದ ಸೊತ್ತು. ಪರದೇಶದ ಯಜಮಾನನು ಅದನ್ನು ಕಿತ್ತಿಟ್ಟುಕೊಂಡರೆ ದೂತಾವಾಸಕ್ಕೆ ತಿಳಿಸಬೇಕೆಂದು ಮಗನಿಗೆ ಹೇಳಿಕೊಡಿರಿ. ನಡಿಗಡ್ಡೆಯ ತಾಯಂದಿರು ಬುತ್ತಿ ಕಟ್ಟುವಷ್ಟೇ ಜತನದಿಂದ ಈ ಕಾಗದಗಳನ್ನೂ ಕಟ್ಟಿಕೊಡುವಂತಾಗಲಿ.